ನಿಯಂತ್ರಣ ತಪ್ಪಿತು ಅಂದ್ರ ಏನು ತಪ್ಪಿತು? ನಡು-ಇಂಜಿನ್ ಕಾರಿನ ಕತೆ, ಆಟೊ ಯೂನಿಯನ್‌ನಿಂದ ಕರೋಶಿಯ ಕಂಪ್ಯೂಟರ್‌ವರೆಗೆ

ಪತ್ರಿಕೆಗೆ ಸುದ್ದಿ ಕಳಿಸುವ ಕೆಲಸಕ್ಕೆ ಬಂದಾಗಿನಿಂದ ನಾನು ಅತಿ ಹೆಚ್ಚು ಸಲ ಬರೆದ ಸಾಲು ಒಂದೇ. ‘ಚಾಲಕನ ನಿಯಂತ್ರಣ ತಪ್ಪಿ ವಾಹನ ರಸ್ತೆ ಬದಿಯ ತಗ್ಗಿಗೆ ಉರುಳಿದ ಪರಿಣಾಮ...’ ಅಂತ ಶುರುವಾಗುತ್ತದೆ ಅದು. ಮುಂದೆ ಊರು, ವಯಸ್ಸು, ಆಸ್ಪತ್ರೆ, ಠಾಣೆ. ಮಳೆಗಾಲದಲ್ಲಿ ಮತ್ತು ಕಬ್ಬಿನ ಹಂಗಾಮಿನಲ್ಲಿ ಈ ಸಾಲು ವಾರಕ್ಕೊಮ್ಮೆಯಾದರೂ ಹೋಗುತ್ತದೆ. ಮೊಬೈಲಿನಲ್ಲಿ ‘ಚಾ’ ಅಂತ ಒತ್ತಿದರೆ ಸಾಕು, ಉಳಿದದ್ದನ್ನು ಫೋನೇ ತುಂಬುತ್ತದೆ.

ಹೋದ ತಿಂಗಳು ಕರೋಶಿಯಲ್ಲಿ ನಮ್ಮ ಓಣಿಯ ಹುಡುಗನೊಬ್ಬ ಈ ಸಾಲು ಹಿಡಿದುಕೊಂಡು ಕೇಳಿದ. ‘ಅಣ್ಣಾ, ನೀ ಪೇಪರನ್ಯಾಗ ಯಾವಾಗ್ಲೂ ನಿಯಂತ್ರಣ ತಪ್ಪಿತು ಅಂತ ಬರಿತಿ. ಅಂದ್ರ ಖರೇ ಏನ್ ತಪ್ಪತೈತಿ?’

ನನಗೆ ಉತ್ತರ ಬರಲಿಲ್ಲ.

ಅವನು ಕೇಳಿದ್ದಕ್ಕೆ ಕಾರಣ ಇತ್ತು. ಹಳೆ ಕಂಪ್ಯೂಟರ್ ಒಂದಕ್ಕೆ ಕೊಲ್ಹಾಪುರದಿಂದ ತಂದ ಸೆಕೆಂಡ್ ಹ್ಯಾಂಡ್ ಸ್ಟೇರಿಂಗ್ ಜೋಡಿಸಿಕೊಂಡಿದ್ದಾನೆ. ಸ್ಟೇರಿಂಗನ್ನು ಮನೆಯ ಮೇಜಿಗೆ ಬಿಗಿದು, ಪೆಡಲ್ ಜಾರದಂತೆ ಹಿಂದೆ ಇಟ್ಟಿಗೆ ಇಟ್ಟಿದ್ದಾನೆ. ಆಡುವುದು ‘ಅಸೆಟ್ಟೊ ಕೊರ್ಸಾ’, ಇಟಲಿಯ ಕುನೋಸ್ ಕಂಪನಿ 2014ರಲ್ಲಿ ಪೂರ್ತಿಯಾಗಿ ಬಿಡುಗಡೆ ಮಾಡಿದ ರೇಸಿಂಗ್ ಸಿಮ್ಯುಲೇಶನ್. ಅದರಲ್ಲಿ ಸಣ್ಣ ಅಬಾರ್ತ್ ಕಾರು ಇವನ ಕೈಯಲ್ಲಿ ಚೆನ್ನಾಗಿ ಓಡುತ್ತದೆ. ಫೆರಾರಿ 458 ತೆಗೆದುಕೊಂಡರೆ ಮೂರನೇ ತಿರುವಿಗೆ ಗಿರಕಿ. ಅದರಲ್ಲೂ ‘ಹೆದರಿ ಎಕ್ಸಲೇಟರ್ ಬಿಟ್ಟಾಗ’ ಗಿರಕಿ. ‘ಹಳೂ ಮಾಡಿದ್ರ ಉಳೀಬೇಕಲ್ಲ ಅಣ್ಣಾ? ಹಳೂ ಮಾಡಿದ್ದಕ್ಕ ತಿರಗತೈತಿ.’

ಈ ಹುಡುಗ ಜೂನ್‌ನಿಂದ ಶಾಲಾ ಮಕ್ಕಳ ವ್ಯಾನು ಓಡಿಸುವವನಿದ್ದಾನೆ. ಆ ವ್ಯಾನಿನ ಇಂಜಿನ್ ಇರುವುದು ಡ್ರೈವರ್ ಸೀಟಿನ ಕೆಳಗೆ. ಹಾಗಾಗಿ ಅವನ ಪ್ರಶ್ನೆಯನ್ನು ಆಟದ ಮಾತು ಅಂತ ಬಿಡಲು ನನ್ನಿಂದ ಆಗಲಿಲ್ಲ. ಓದಿದೆ, ನೋಡಿದೆ, ಗ್ಯಾರೇಜಿನವರನ್ನು ಕೇಳಿದೆ. ತಿಳಿದದ್ದನ್ನು ಇಲ್ಲಿ ಹೇಳುತ್ತೇನೆ.

ಇಂಜಿನ್ ಎಲ್ಲಿದೆ, ಅದರ ಮೇಲೆ ಕತೆ

ನಮ್ಮೂರಿನ ರಸ್ತೆಯಲ್ಲೇ ನೋಡಿ. ಮಾರುತಿ 800, ಆಲ್ಟೊ ಬಾನೆಟ್ ಎತ್ತಿದರೆ ಇಂಜಿನ್ ಕಾಣುತ್ತದೆ, ಮುಂದಿನ ಗಾಲಿಗಳನ್ನೇ ಅದು ತಿರುಗಿಸುತ್ತದೆ. ಆಟೊರಿಕ್ಷಾದ ಇಂಜಿನ್ ಹಿಂದೆ. 2009ರಲ್ಲಿ ಬಂದ ಟಾಟಾ ನ್ಯಾನೊದ 624 ಸಿ.ಸಿ. ಇಂಜಿನ್ ಕೂಡ ಹಿಂದೆ. ಇವೆರಡರ ನಡುವೆ ಇನ್ನೊಂದು ಜಾತಿ ಇದೆ. ಮುಂದಿನ ಗಾಲಿ ಮತ್ತು ಹಿಂದಿನ ಗಾಲಿಗಳ ನಡುವೆ ಇಂಜಿನ್ ಇಟ್ಟು, ಹಿಂದಿನ ಗಾಲಿಗಳಿಂದ ಗಾಡಿ ತಳ್ಳುವುದು. ಇದಕ್ಕೆ ನಡು-ಇಂಜಿನ್ ಅನ್ನೋಣ.

ನಡು-ಇಂಜಿನ್ ಅಂದ ಕೂಡಲೇ ಫೆರಾರಿ, ಲ್ಯಾಂಬೊರ್ಗಿನಿ ಕಣ್ಣಿಗೆ ಬರುತ್ತವೆ. ಆದರೆ ನಮ್ಮ ಕಡೆ ಮದುವೆ ದಿಬ್ಬಣಕ್ಕೆ, ಬಾಣಂತಿಯನ್ನು ಆಸ್ಪತ್ರೆಗೆ ಒಯ್ಯಲಿಕ್ಕೆ, ಸಂತೆಗೆ ಕಾಯಿಪಲ್ಯೆ ಸಾಗಿಸಲಿಕ್ಕೆ ಓಡಿದ ಮಾರುತಿ ಓಮ್ನಿಯ ಲೆಕ್ಕವೂ ಇದೇ. 1984ರಲ್ಲಿ ಮಾರುತಿ ವ್ಯಾನ್ ಅಂತ ಬಂದ ಅದರ 796 ಸಿ.ಸಿ. ಇಂಜಿನ್ ಮುಂದಿನ ಸೀಟಿನ ಕೆಳಗಿತ್ತು, ತಳ್ಳುತ್ತಿದ್ದುದು ಹಿಂದಿನ ಗಾಲಿ. ಬೇಸಿಗೆಯಲ್ಲಿ ಅದರ ಮುಂದಿನ ಸೀಟಿನಲ್ಲಿ ಕೂತವರಿಗೆ ಇಂಜಿನ್ ಎಲ್ಲಿದೆ ಅಂತ ಬೇರೆ ಹೇಳಬೇಕಿಲ್ಲ. 2005ರಲ್ಲಿ ಬಂದ ಟಾಟಾ ಏಸ್, ಅಂದರೆ ನಮ್ಮ ‘ಛೋಟಾ ಹಾಥಿ’ಯ ಎರಡು ಸಿಲಿಂಡರಿನ ಡೀಸೆಲ್ ಇಂಜಿನ್ ಸಹ ಸೀಟಿನ ಕೆಳಗೇ.

ಫೆರಾರಿಯಲ್ಲಿ ಇಂಜಿನ್ ಚಾಲಕನ ಬೆನ್ನ ಹಿಂದೆ, ಓಮ್ನಿಯಲ್ಲಿ ಚಾಲಕನ ಕೆಳಗೆ. ಭಾರದ ಹಂಚಿಕೆ ಎರಡರಲ್ಲೂ ಒಂದೇ ಅಲ್ಲ. ಫೆರಾರಿಗೆ ಹಿಂಭಾರ ಹೆಚ್ಚು. ಖಾಲಿ ಓಮ್ನಿಗೆ ಮುಂಭಾರ ಹೆಚ್ಚು, ಹಿಂದೆ ಜನ ತುಂಬಿದರೆ ಲೆಕ್ಕ ಬದಲು. ಆದರೆ ಎರಡಕ್ಕೂ ಸಾಮಾನ್ಯವಾದ ಒಂದು ಗುಣ ಇದೆ. ಅದನ್ನು ಕಾವಡಿಯಿಂದ ತಿಳಿಯಬಹುದು.

ಕಾವಡಿಯ ಲೆಕ್ಕ

ಹೆಗಲ ಮೇಲೆ ಉದ್ದನೆಯ ಬಡಿಗೆ, ಎರಡು ತುದಿಗೆ ಎರಡು ತುಂಬಿದ ಕೊಡ. ಹೀಗೆ ಹೊತ್ತುಕೊಂಡು ಗರಗರ ತಿರುಗಲು ನೋಡಿ. ಬೇಗ ತಿರುಗಲು ಆಗುವುದಿಲ್ಲ, ತಿರುಗಿದ ಮೇಲೆ ಬೇಗ ನಿಲ್ಲಲೂ ಆಗುವುದಿಲ್ಲ. ಅದೇ ಎರಡೂ ಕೊಡಗಳನ್ನು ಹೆಗಲಿಗೆ ಹತ್ತಿರ ಎಳೆದುಕೊಳ್ಳಿ. ಈಗ ಸಣ್ಣ ಸನ್ನೆಗೆ ತಿರುಗುತ್ತೀರಿ.

ಕಾರಿನಲ್ಲಿ ಅತಿ ಭಾರದ ವಸ್ತು ಇಂಜಿನ್. ಅದನ್ನು ತುದಿಯಲ್ಲಿ ಇಟ್ಟರೆ ತುದಿಗೆ ಕೊಡ ಕಟ್ಟಿದಂತೆ, ನಡುವೆ ಇಟ್ಟರೆ ಹೆಗಲಿಗೆ ಹತ್ತಿರ ಎಳೆದಂತೆ. ನಡು-ಇಂಜಿನ್ ಕಾರು ಹೇಳಿದ ಕೂಡಲೇ ತಿರುಗುತ್ತದೆ. ರೇಸಿಗೆ ಬೇಕಾದದ್ದು ಅದೇ. ಆದರೆ ಹೇಳದೇ ಇದ್ದಾಗಲೂ ಅಷ್ಟೇ ಬೇಗ ತಿರುಗುತ್ತದೆ.

ಇನ್ನು ಟೈರು. ಟೈರಿನ ಹಿಡಿತವನ್ನು ಒಂದು ಸೇರು ಜೋಳ ಅಂದುಕೊಳ್ಳಿ. ತಿರುವಿಗೆ ಹೆಚ್ಚು ಖರ್ಚಾದಷ್ಟೂ ಬ್ರೇಕಿಗೋ ವೇಗಕ್ಕೋ ಉಳಿಯುವುದು ಕಮ್ಮಿ. ಮೇಲಿಂದ ಭಾರ ಬಿದ್ದರೆ ಸೇರು ದೊಡ್ಡದಾಗುತ್ತದೆ, ಭಾರ ಎದ್ದರೆ ಸಣ್ಣದಾಗುತ್ತದೆ.

ಈಗ ತಿರುವಿನ ನಡುವೆ ಚಾಲಕ ಹೆದರಿ ಎಕ್ಸಲರೇಟರ್ ಪೂರ್ತಿ ಬಿಟ್ಟ ಅಂತಿಟ್ಟುಕೊಳ್ಳಿ. ಬಸ್ಸು ಬ್ರೇಕ್ ಹಾಕಿದಾಗ ನಿಂತವರೆಲ್ಲ ಮುಂದಕ್ಕೆ ವಾಲುವಂತೆ ಕಾರಿನ ಭಾರ ಮುಂದಿನ ಗಾಲಿಗೆ ಸರಿಯುತ್ತದೆ. ಹಿಂದಿನ ಟೈರಿನ ಸೇರು ಸಣ್ಣದಾಯಿತು. ಅದೇ ಹೊತ್ತಿಗೆ ಇಂಜಿನ್ ಹಿಂದಿನ ಗಾಲಿಗಳನ್ನು ತಡೆಯಲು ಶುರು ಮಾಡುತ್ತದೆ, ಆ ಖರ್ಚೂ ಅದೇ ಸೇರಿನಿಂದಲೇ. ಹಿಂದಿನ ಟೈರು ಜಾರುತ್ತದೆ, ಬಾಲ ಹೊರಗೆ ಬೀಸುತ್ತದೆ. ರೇಸಿನವರು ಇದಕ್ಕೆ ಓವರ್‌ಸ್ಟಿಯರ್ ಅನ್ನುತ್ತಾರೆ. ಮುಂದಿನ ಟೈರು ಜಾರಿ ಗಾಡಿ ತಿರುಗದೆ ನೇರ ಹೋದರೆ ಅದು ಅಂಡರ್‌ಸ್ಟಿಯರ್.

ನಮ್ಮ ಹುಡುಗನ ಮೂರನೇ ತಿರುವಿನಲ್ಲಿ ಆಗುತ್ತಿದ್ದುದು ಇದೇ. ಎಲ್ಲ ಕಾರಿಗೂ ಇದು ಅಷ್ಟಿಷ್ಟು ಆಗುತ್ತದೆ. ನಡು-ಇಂಜಿನ್ ಕಾರಿಗೆ ಥಟ್ಟನೆ ಆಗುತ್ತದೆ, ಸರಿಪಡಿಸಲು ಸಿಗುವ ಸಮಯ ಕಮ್ಮಿ.

ಈ ಮಾತನ್ನು ಮೊದಲು ಕಲಿತವರು ಜರ್ಮನಿಯವರು. ಕಲಿಯಲಿಕ್ಕೆ ಅವರು ಕೊಟ್ಟ ಬೆಲೆ ದೊಡ್ಡದು.

1934: ಮುಂದೆ ಕೂತ ಚಾಲಕ, ಹಿಂದೆ ಜಾರುವ ಬಾಲ

ಚಾಲಕನ ಹಿಂದೆ ಇಂಜಿನ್ ಇಟ್ಟ ಗ್ರ್ಯಾಂಡ್ ಪ್ರಿ ಕಾರನ್ನು ಬೆಂಜ್ ಕಂಪನಿ 1923ರಲ್ಲೇ ಇಟಲಿಯ ಮೊಂಜಾ ಟ್ರ್ಯಾಕಿಗೆ ತಂದಿತ್ತು. ಆದರೆ ಆ ಪದ್ಧತಿ ನಿಲ್ಲಲಿಲ್ಲ. 1934ರಲ್ಲಿ ಹೊಸ ನಿಯಮ ಬಂತು. ಕಾರಿನ ಒಣ ತೂಕ 750 ಕಿಲೊ ಮೀರಬಾರದು, ಇಂಜಿನ್ ಎಷ್ಟು ದೊಡ್ಡದಾದರೂ ಇರಲಿ ಅಂತ. ಫರ್ಡಿನಾಂಡ್ ಪೋರ್ಷೆ ಅವರು ಆಟೊ ಯೂನಿಯನ್ ಕಂಪನಿಗಾಗಿ 16 ಸಿಲಿಂಡರಿನ ಕಾರು ಮಾಡಿದರು. ಮುಂದೆ ಚಾಲಕ, ಅವನ ಬೆನ್ನಿಗೆ ಪೆಟ್ರೋಲ್ ಟ್ಯಾಂಕು, ಅದರ ಹಿಂದೆ ಇಂಜಿನ್. ಟ್ಯಾಂಕು ನಡುವೆ ಇದ್ದುದಕ್ಕೂ ಕಾರಣ ಇತ್ತು: ಇಂಧನ ಖರ್ಚಾದಂತೆ ಮುಂದು-ಹಿಂದಿನ ತೂಕದ ಹಂಚಿಕೆ ಕೆಡಬಾರದು.

1936ರ ಹೊತ್ತಿಗೆ ಈ ಇಂಜಿನ್ 6 ಲೀಟರ್ ಮುಟ್ಟಿ ಸುಮಾರು 520 ಅಶ್ವಶಕ್ತಿ ಕೊಡುತ್ತಿತ್ತು. ಟೈರುಗಳು ಮಾತ್ರ ಸಪೂರ. ಹಿಂದಿನ ಆಕ್ಸಲ್ ‘ಸ್ವಿಂಗ್ ಆಕ್ಸಲ್’ ಮಾದರಿಯದು. ಗಾಡಿ ಎದ್ದು ಇಳಿದಾಗ ಗಾಲಿಯೇ ಓರೆಯಾಗಿ ಟೈರಿನ ಹಿಡಿತ ಒಮ್ಮೆಲೇ ಬಿಡುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ತೊಂದರೆ ಚಾಲಕ ಕೂಡುತ್ತಿದ್ದ ಜಾಗದ್ದು. ಮುಂದೆ ಇಂಜಿನ್ ಇದ್ದ ಹಳೆ ಕಾರುಗಳಲ್ಲಿ ಚಾಲಕ ಹಿಂದಿನ ಆಕ್ಸಲಿನ ಸಮೀಪ ಕೂಡುತ್ತಿದ್ದ. ಬಾಲ ಒಂದು ಗೇಣು ಜಾರಿದರೂ ಕುಂಡಿಗೆ ಮೊದಲು ಗೊತ್ತಾಗುತ್ತಿತ್ತು. ಆಟೊ ಯೂನಿಯನ್‌ನಲ್ಲಿ ಅವನು ಕಾರಿನ ಮುಂದಿನ ಭಾಗಕ್ಕೆ ಬಂದು ಕೂತ. ಹಿಂದೆ ಬಾಲ ಹೊರಟಾಗ ಅವನಿಗೆ ಸುದ್ದಿ ತಡವಾಗಿ ಮುಟ್ಟುತ್ತಿತ್ತು. ಸುದ್ದಿ ಮುಟ್ಟುವಷ್ಟರಲ್ಲಿ ಕಾರು ಅಡ್ಡ.

ಇದನ್ನು ಚೆನ್ನಾಗಿ ಪಳಗಿಸಿದವರು ಬರ್ಂಡ್ ರೋಸೆಮಯರ್. ಅವರು ಬಂದದ್ದು ಮೋಟಾರ್ ಸೈಕಲ್ ರೇಸಿನಿಂದ. ಮುಂದೆ ಇಂಜಿನ್ ಇರುವ ರೇಸ್ ಕಾರಿನ ಹಳೆ ಚಾಳಿ ಅವರ ಕೈಗೆ ಅಂಟಿರಲಿಲ್ಲ. 1935ರಲ್ಲಿ ತಂಡ ಸೇರಿ 1936ರಲ್ಲಿ ಯುರೋಪಿಯನ್ ಚಾಂಪಿಯನ್ ಆದರು. 1938ರ ಜನವರಿ 28ರಂದು ಫ್ರಾಂಕ್‌ಫರ್ಟ್-ಡಾರ್ಮ್‌ಸ್ಟಾಟ್ ಹೆದ್ದಾರಿಯಲ್ಲಿ ವೇಗದ ದಾಖಲೆಗೆ ಹೊರಟಾಗ ಕಾರು ರಸ್ತೆ ಬಿಟ್ಟಿತು, ಅವರು ತೀರಿಕೊಂಡರು. ಅಡ್ಡಗಾಳಿ ಕಾರಣ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಅದೇ ವರ್ಷ ಬಂದ ಆಟೊ ಯೂನಿಯನ್‌ನ ಹೊಸ ಕಾರಿನಲ್ಲಿ ಸ್ವಿಂಗ್ ಆಕ್ಸಲ್ ಇರಲಿಲ್ಲ, ಹಿಂದಿನ ಎರಡೂ ಗಾಲಿಗಳನ್ನು ನೆಟ್ಟಗೆ ಹಿಡಿಯುವ ಬೇರೆ ಜೋಡಣೆ ಬಂದಿತ್ತು.

‘ಸುದ್ದಿ ತಡವಾಗಿ ಮುಟ್ಟುತ್ತಿತ್ತು’ ಅಂದೆನಲ್ಲ, ಆ ಮಾತನ್ನು ನೆನಪಿಡಿ. ಕರೋಶಿಯ ಕಂಪ್ಯೂಟರಿನ ಮುಂದೆ ಅದು ಮತ್ತೆ ಬರುತ್ತದೆ.

ಗ್ಯಾರೇಜಿನಿಂದ ಬಂದ ಕ್ರಾಂತಿ

ಎರಡನೇ ಮಹಾಯುದ್ಧ ಮುಗಿದ ಮೇಲೆ 1946ರಲ್ಲಿ ಇಂಗ್ಲೆಂಡಿನ ಸರ್ಬಿಟನ್ ಎಂಬಲ್ಲಿ ಚಾರ್ಲ್ಸ್ ಕೂಪರ್ ಮತ್ತು ಮಗ ಜಾನ್ ಕೂಪರ್ ತಮ್ಮ ಗ್ಯಾರೇಜಿನಲ್ಲಿ ಒಂದು ರೇಸ್ ಕಾರು ಕಟ್ಟಿದರು. ಹಳೆ ಫಿಯಟ್ ಕಾರುಗಳ ಮುಂಭಾಗ ಎರಡನ್ನು ಕತ್ತರಿಸಿ ಬೆನ್ನಿಗೆ ಬೆನ್ನು ಬೆಸೆದರು. 500 ಸಿ.ಸಿ.ಯ ಮೋಟಾರ್ ಸೈಕಲ್ ಇಂಜಿನ್ ಹಾಕಿದರು. ಬೈಕಿನ ಇಂಜಿನಿಗೆ ಚೈನು ಬೇಕು, ಚೈನು ಹಿಂದಿನ ಆಕ್ಸಲಿಗೆ ಹತ್ತಿರ ಇರಬೇಕು. ಹಾಗಾಗಿ ಇಂಜಿನ್ ಚಾಲಕನ ಹಿಂದೆ ಬಂತು. ಇದರಲ್ಲಿ ದೊಡ್ಡ ಸಿದ್ಧಾಂತ ಏನೂ ಇರಲಿಲ್ಲ, ಕೈಗೆ ಸಿಕ್ಕಿದ್ದರಲ್ಲಿ ಕೆಲಸ ಸಾಗಿಸಿದ್ದು. ನಮ್ಮ ಕಡೆಯ ವೆಲ್ಡಿಂಗ್ ಅಂಗಡಿಯವರಿಗೆ ಈ ಬುದ್ಧಿ ಹೊಸತಲ್ಲ.

1958ರ ಜನವರಿ 19ರಂದು ಅರ್ಜೆಂಟೀನಾ ಗ್ರ್ಯಾಂಡ್ ಪ್ರಿಯಲ್ಲಿ ಸ್ಟರ್ಲಿಂಗ್ ಮಾಸ್ ಸಣ್ಣದೊಂದು ಕೂಪರ್ ಕಾರು ತೆಗೆದುಕೊಂಡು ಫೆರಾರಿಗಳನ್ನು ಸೋಲಿಸಿದರು. ಕಾರು ಹಗುರ, ಆದ್ದರಿಂದ ಟೈರು ಬದಲಿಸಲು ನಿಲ್ಲಲೇ ಇಲ್ಲ. ಗೆದ್ದು ನಿಂತಾಗ ಟೈರಿನ ರಬ್ಬರು ಸವೆದು ಒಳಗಿನ ಬಟ್ಟೆ ಕಾಣುತ್ತಿತ್ತು. ಅಂತರ ಮೂರು ಸೆಕೆಂಡಿಗೂ ಕಮ್ಮಿ. ವಿಶ್ವ ಚಾಂಪಿಯನ್‌ಷಿಪ್ ರೇಸೊಂದರಲ್ಲಿ ಚಾಲಕನ ಹಿಂದೆ ಇಂಜಿನ್ ಇದ್ದ ಕಾರಿಗೆ ಅದು ಮೊದಲ ಗೆಲುವು.

1959 ಮತ್ತು 1960ರಲ್ಲಿ ಜ್ಯಾಕ್ ಬ್ರಾಭಮ್ ಕೂಪರ್‌ನಲ್ಲೇ ವಿಶ್ವ ಚಾಂಪಿಯನ್ ಆದರು. 1959ರ ಕೊನೆಯ ರೇಸಿನಲ್ಲಿ ಗುರಿ ಸಮೀಪ ಪೆಟ್ರೋಲ್ ಮುಗಿಯಿತು, ಕಾರನ್ನು ಕೈಯಿಂದ ತಳ್ಳಿಕೊಂಡು ಹೋಗಿ ಗೆರೆ ದಾಟಿಸಿದರು.

ತಳ್ಳುವ ಮಾತು ಬಂತು ಅಂತ ಹೇಳುತ್ತೇನೆ. ಎತ್ತು ಗಾಡಿಯ ಮುಂದೆ ಇರಬೇಕೇ ಹೊರತು ಹಿಂದಲ್ಲ ಎಂಬ ಅರ್ಥದ ಮಾತೊಂದು ಎಂಜೊ ಫೆರಾರಿ ಅವರ ಹೆಸರಿನಲ್ಲಿ ಇಂದಿಗೂ ಓಡಾಡುತ್ತದೆ. ಶರ್ಯತ್ತಿನ ಎತ್ತು ಸಾಕಿದ ನಮ್ಮವರು ಯಾರಾದರೂ ಈ ಮಾತಿಗೆ ತಲೆ ಹಾಕಿಯಾರು. ಆದರೆ 1961ಕ್ಕೆ ಫೆರಾರಿಯೇ ಎತ್ತನ್ನು ಗಾಡಿಯ ಹಿಂದೆ ಕಟ್ಟಬೇಕಾಯಿತು. ಹಿಂದೆ ಇಂಜಿನ್ ಇದ್ದ ಫೆರಾರಿ 156ರಲ್ಲಿ ಫಿಲ್ ಹಿಲ್ ಆ ವರ್ಷ ಚಾಂಪಿಯನ್. 1965ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ 500 ರೇಸನ್ನೂ ಜಿಮ್ ಕ್ಲಾರ್ಕ್ ಇಂಥ ಲೋಟಸ್ ಕಾರಿನಲ್ಲಿ ಗೆದ್ದರು. 1966ರಲ್ಲಿ ಲ್ಯಾಂಬೊರ್ಗಿನಿ ಮಿಯುರಾ ಬಂದು ಶ್ರೀಮಂತರ ರಸ್ತೆ ಕಾರಿಗೂ ಈ ಪದ್ಧತಿ ಅಂಟಿತು.

1967ಕ್ಕೆ ಫಾರ್ಮುಲಾ ಒನ್ ಕಾರುಗಳಿಗೆ ಸುಮಾರು 400 ಅಶ್ವಶಕ್ತಿ ಇತ್ತು. ಕಾರನ್ನು ನೆಲಕ್ಕೆ ಒತ್ತುವ ರೆಕ್ಕೆಗಳು ಬಂದದ್ದು 1968ರಲ್ಲಿ. ಅಂದರೆ ಶಕ್ತಿ ಬಂದಿತ್ತು, ಹಿಡಿತ ಬಂದಿರಲಿಲ್ಲ. ಈ ಒಂದು ವರ್ಷ ಮುಂದೆ ಕಂಪ್ಯೂಟರ್ ಆಟದ ಚರಿತ್ರೆಗೂ ಬೇಕಾಗುತ್ತದೆ.

ನಮ್ಮ ದೇಶದಲ್ಲಿ: ವಿಮಾನದ ಪಟ್ಟಿಯಿಂದ ಮಾರುತಿ ಇಂಜಿನ್‌ವರೆಗೆ

ನಮ್ಮಲ್ಲಿ ಕಾರ್ ರೇಸ್ ಶುರುವಾದದ್ದು ಹಳೆ ವಿಮಾನ ಪಟ್ಟಿಗಳ ಮೇಲೆ. ಮದ್ರಾಸಿನ ಉತ್ತರಕ್ಕಿದ್ದ ಶೋಲಾವರಂ ಅದರಲ್ಲಿ ಹೆಸರಾದದ್ದು, ಯುದ್ಧಕಾಲದ ಪಟ್ಟಿ. 1980ರ ದಶಕದ ಆರಂಭದಲ್ಲಿ ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಎನ್ಸೈನ್ ಎಂಬ ಫಾರ್ಮುಲಾ ಒನ್ ಕಾರನ್ನೇ ತಂದು ಅಲ್ಲಿ ಓಡಿಸಿದ್ದರು. ಮುಂದೆ ಫೋರ್ಸ್ ಇಂಡಿಯಾ ತಂಡದ ಒಡೆಯರಾದವರು ಅವರೇ.

ಸಾಮಾನ್ಯರಿಗೆ ಬಾಗಿಲು ತೆರೆದದ್ದು ಕೊಯಮತ್ತೂರಿನ ಎಸ್. ಕರಿವರ್ಧನ್. 1980ರ ದಶಕದ ಕೊನೆಗೆ ಅವರು ಮಾರುತಿ 800ರ ಇಂಜಿನ್ ತೆಗೆದು ಚಾಲಕನ ಹಿಂದೆ ಇಟ್ಟು ಒಬ್ಬರೇ ಕೂಡುವ ರೇಸ್ ಕಾರು ಕಟ್ಟಿದರು. ಅದೇ ಫಾರ್ಮುಲಾ ಮಾರುತಿ. ಬಿಡಿಭಾಗ ಊರೂರಿನಲ್ಲಿ ಸಿಗುವಂಥವು, ಖರ್ಚು ಕಮ್ಮಿ. 2005ರಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ಚಾಲಕರಾದ ನರೇನ್ ಕಾರ್ತಿಕೇಯನ್ ಶುರು ಮಾಡಿದ್ದು ಈ ಕಾರಿನಿಂದ. ಕರಿವರ್ಧನ್ 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಕೊಯಮತ್ತೂರಿನ ರೇಸ್ ಟ್ರ್ಯಾಕಿಗೆ ಅವರದೇ ಹೆಸರು ಇದೆ.

ಕರ್ನಾಟಕದ ಲೆಕ್ಕವೂ ಇದೆ. ಬೆಂಗಳೂರಿನ ಅಣ್ಣತಮ್ಮಂದಿರಾದ ಅರ್ಜುನ್ ಮೈನಿ ಮತ್ತು ಕುಶ್ ಮೈನಿ ಇಬ್ಬರೂ ಫಾರ್ಮುಲಾ ಟು ಮುಟ್ಟಿದವರು. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು 2003ರಿಂದ ‘ಅಶ್ವ ರೇಸಿಂಗ್’ ಎಂಬ ತಂಡ ಕಟ್ಟಿಕೊಂಡು ತಮ್ಮ ಕೈಯಾರೆ ರೇಸ್ ಕಾರು ಮಾಡುತ್ತ ಬಂದಿದ್ದಾರೆ. ನಮಗೆ ಸಮೀಪದಲ್ಲಿ, ಕೊಲ್ಹಾಪುರದ ಹತ್ತಿರ, ಮೋಹಿತೆ ಅವರ ಕಾರ್ಟಿಂಗ್ ಟ್ರ್ಯಾಕ್ ಇದೆ. ಕಾರ್ಟಿನ ಇಂಜಿನ್ನೂ ಚಾಲಕನ ಬದಿಗೆ ಅಥವಾ ಹಿಂದೆಯೇ.

ಆದರೆ ಕರೋಶಿಯ ಹುಡುಗನಿಗೆ ಕಾರ್ಟ್ ಓಡಿಸಲಿಕ್ಕೂ ರೊಕ್ಕ ಬೇಕು. ಅವನಿಗೆ ನಿಲುಕಿದ್ದು ಆಟ.

ಆಟದೊಳಗೆ ಬಂದ ಓವರ್‌ಸ್ಟಿಯರ್

ನನ್ನ ವಯಸ್ಸಿನವರು ಕಾರ್ ಆಟ ಕಂಡದ್ದು ಚಿಕ್ಕೋಡಿಯ ಸೈಬರ್ ಕೆಫೆಯಲ್ಲಿ. 1997ರ ‘ನೀಡ್ ಫಾರ್ ಸ್ಪೀಡ್ 2’ ನಮ್ಮ ಕೈಗೆ ಬರುವಷ್ಟರಲ್ಲಿ ಹಳತಾಗಿತ್ತು. ಅದರಲ್ಲಿದ್ದ ಮೆಕ್‌ಲಾರೆನ್ ಎಫ್1, ಫೆರಾರಿ ಎಫ್50, ಜಾಗ್ವಾರ್ ಎಕ್ಸ್‌ಜೆ220 ಎಲ್ಲವೂ ನಡು-ಇಂಜಿನ್ ಕಾರುಗಳು ಅಂತ ನನಗೆ ಗೊತ್ತಾದದ್ದು ಈಗ, ಈ ಲೇಖನಕ್ಕೆ ಓದುವಾಗ. ಆಗ ಗೊತ್ತಾಗುವ ಅಗತ್ಯವೇ ಇರಲಿಲ್ಲ. ಬಾಣದ ಗುಂಡಿ ಒತ್ತಿದರೆ ಕಾರು ತಿರುಗುತ್ತಿತ್ತು, ಗೋಡೆಗೆ ಬಡಿದರೆ ಪುಟಿಯುತ್ತಿತ್ತು.

ಅದೇ 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ‘ಗ್ರಾನ್ ಟುರಿಸ್ಮೊ’ ಬಂತು. ಕಾರಿಂದ ಕಾರಿಗೆ ನಡತೆ ಬೇರೆ ಇರಬೇಕು ಎಂಬುದನ್ನು ಮನೆಮನೆಗೆ ಮುಟ್ಟಿಸಿದ ಆಟ ಅದು. ಅದರಲ್ಲಿ ಟೊಯೊಟಾ ಎಂಆರ್2 ಕೂಡ ಇತ್ತು. ನಿಜ ಜೀವನದಲ್ಲಿ ಆ ಸಣ್ಣ ನಡು-ಇಂಜಿನ್ ಕಾರಿನ 1989ರ ಮಾದರಿಗೆ ಬಾಲ ಬೀಸುವ ಹೆಸರು ಅಂಟಿತ್ತು. ತಿರುವಿನಲ್ಲಿ ಕಾಲು ಎತ್ತಿದರೆ ಗಿರಕಿ. ಕಂಪನಿ ಕೆಲ ವರ್ಷಗಳಲ್ಲೇ ಹಿಂದಿನ ಸಸ್ಪೆನ್ಷನ್ ತಿದ್ದಿ ಟೈರು ಅಗಲ ಮಾಡಿತು. ನಮ್ಮ ನ್ಯಾನೊದಲ್ಲೂ ಇದರ ಜಾಣತನ ಕಾಣುತ್ತದೆ. ಮುಂದಿನ ಟೈರಿನ ಅಗಲ 135 ಮಿ.ಮೀ., ಹಿಂದಿನದು 155. ಹಿಂದೆ ಭಾರ ಇರುವ ಗಾಡಿಗೆ ಹಿಂದಿನ ಹಿಡಿತ ಹೆಚ್ಚಿರಲಿ ಅಂತ.

1998ರಲ್ಲಿ ಅಮೆರಿಕದ ಪಪೈರಸ್ ಕಂಪನಿ ‘ಗ್ರ್ಯಾಂಡ್ ಪ್ರಿ ಲೆಜೆಂಡ್ಸ್’ ತಂದಿತು. ಅದರ ಹಿಂದಿದ್ದವರು ಡೇವಿಡ್ ಕೇಮರ್. ಅವರು ಆರಿಸಿದ ವರ್ಷ 1967. ರೆಕ್ಕೆ ಇಲ್ಲದ, ಶಕ್ತಿ ತುಂಬಿದ ಆ ಕಾರುಗಳು ಹೊಸಬರ ಕೈಯಲ್ಲಿ ಮೊದಲ ತಿರುವಿನ ಮೊದಲೇ ಗಿರಕಿ ಹೊಡೆಯುತ್ತಿದ್ದವು. ಆಟ ಹೆಚ್ಚು ಮಾರಾಟವಾಗಲಿಲ್ಲ. ಆದರೆ ಹಠ ಹಿಡಿದು ಕಲಿತವರು ವರ್ಷಗಟ್ಟಲೆ ಬಿಡಲಿಲ್ಲ. ಕೇಮರ್ ಮುಂದೆ ‘ಐರೇಸಿಂಗ್’ ಕಟ್ಟಿದರು, 2008ರಲ್ಲಿ ಅದು ಶುರುವಾಯಿತು. 2020ರ ಜೂನಿನಲ್ಲಿ ಕೊರೊನಾದಿಂದ ಲೆ ಮಾನ್ 24 ಗಂಟೆ ರೇಸು ಮುಂದೆ ಹೋದಾಗ ನಿಜವಾದ ಚಾಲಕರೇ ಮನೆಯಲ್ಲಿ ಕೂತು ಕಂಪ್ಯೂಟರಿನಲ್ಲಿ 24 ಗಂಟೆ ರೇಸ್ ಮಾಡಿದರು.

ಈ ಆಟಗಳ ಒಳಗೆ ಟೈರು ಅಂದರೆ ಒಂದು ಗಣಿತ. ಟೈರು ಎಷ್ಟು ಓರೆಯಾದರೆ ಎಷ್ಟು ಹಿಡಿತ ಅನ್ನುವುದನ್ನು ಒಂದು ಗೆರೆಯಲ್ಲಿ ಬರೆಯಬಹುದು. ನೆದರ್ಲೆಂಡ್ಸಿನ ಡೆಲ್ಫ್ಟ್ ವಿಶ್ವವಿದ್ಯಾಲಯದ ಹಾನ್ಸ್ ಪಾಸೇಕಾ ಮತ್ತು ಸಂಗಡಿಗರು 1980ರ ದಶಕದಲ್ಲಿ ಇದಕ್ಕೆ ಕೊಟ್ಟ ಸೂತ್ರ ‘ಮ್ಯಾಜಿಕ್ ಫಾರ್ಮುಲಾ’ ಅಂತ ಹೆಸರಾಗಿದೆ. ಹಿಡಿತ ಏರುತ್ತದೆ, ತುದಿ ಮುಟ್ಟುತ್ತದೆ, ಆಮೇಲೆ ಇಳಿಯುತ್ತದೆ. ತುದಿ ದಾಟಿದ ಮೇಲೆ ಹೆಚ್ಚು ತಿರುವಿದಷ್ಟೂ ಹಿಡಿತ ಕಮ್ಮಿ. ತುದಿ ಎಷ್ಟು ಚೂಪಾಗಿದೆ ಅನ್ನುವುದರ ಮೇಲೆ ಕಾರು ಎಚ್ಚರಿಕೆ ಕೊಟ್ಟು ಜಾರುತ್ತದೋ, ಥಟ್ಟನೆ ಜಾರುತ್ತದೋ ನಿಂತಿದೆ.

ಗಣಿತ ಎಷ್ಟೇ ಸರಿ ಇದ್ದರೂ ಒಂದು ಕೊರತೆ ಉಳಿಯುತ್ತದೆ. ಕುರ್ಚಿ ಅಲುಗುವುದಿಲ್ಲ.

ನಿಜವಾದ ಕಾರಿನಲ್ಲಿ ಬಾಲ ಜಾರಲು ಶುರುವಾದಾಗ ಬೆನ್ನು, ಸೊಂಟ, ಕಿವಿಯ ಒಳಭಾಗ ಮೊದಲು ಹೇಳುತ್ತವೆ. ಕಣ್ಣು ಆಮೇಲೆ. ಆಟದಲ್ಲಿ ಕಣ್ಣೇ ಮೊದಲು, ಜೊತೆಗೆ ಟೈರಿನ ಕಿರುಚು, ಸ್ಟೇರಿಂಗಿನ ಸೆಳೆತ. ಆಟೊ ಯೂನಿಯನ್ ಚಾಲಕ ಕಾರಿನ ಮುಂದೆ ಕೂತಿದ್ದರಿಂದ ಸುದ್ದಿ ತಡವಾಗಿ ಮುಟ್ಟುತ್ತಿತ್ತು. ನಮ್ಮ ಹುಡುಗ ಕಾರಿನ ಹೊರಗೇ ಕೂತಿದ್ದಾನೆ. ಅವನಿಗೆ ಇನ್ನೂ ತಡ. ಹಿಂದಿನ ಟೈರು ಜಾರಿ, ಚಿತ್ರ ಓರೆಯಾಗಿ, ಅದನ್ನು ಕಣ್ಣು ಕಂಡು, ಕೈ ತಿರುವಿದಾಗ ಹೊತ್ತು ಮೀರಿರುತ್ತದೆ. ಆಗ ಕೈ ಹೆಚ್ಚು ತಿರುವುತ್ತದೆ, ಬಾಲ ಈ ಕಡೆಯಿಂದ ಆ ಕಡೆಗೆ ಚಾಟಿಯಂತೆ ಬೀಸುತ್ತದೆ. ಎರಡನೇ ಬೀಸು ಮೊದಲನೆಯದಕ್ಕಿಂತ ಜೋರು.

ಹುಡುಗ ಕಲಿತದ್ದು

ಇಷ್ಟು ಓದಿಕೊಂಡು ಅವನ ಮನೆಗೆ ಹೋದೆ. ಇಬ್ಬರೂ ಕೂತೆವು.

ಮೊದಲು ಕಾರಿನ ಸೆಟ್ಟಿಂಗ್ ಮುಟ್ಟಿದೆವು. ಬ್ರೇಕಿನ ಬಲ ಸ್ವಲ್ಪ ಮುಂದಿನ ಗಾಲಿಗೆ ಸರಿಸಿದ. ಕಾರು ವಾಲದಂತೆ ಹಿಡಿಯುವ ಹಿಂದಿನ ಸರಳನ್ನು ಒಂದು ಮೆಟ್ಟಿಲು ಮೆತ್ತಗೆ ಮಾಡಿದ. ಬದಲಾವಣೆ ಆಯಿತು, ಆದರೆ ಗಿರಕಿ ನಿಲ್ಲಲಿಲ್ಲ. ಮೂರನೇ ತಿರುವಿನ ಗಿರಕಿ ನಾಲ್ಕನೇ ತಿರುವಿಗೆ ಹೋಯಿತು ಅಷ್ಟೇ.

ಆಮೇಲೆ ಕಾಲನ್ನು ತಿದ್ದಿದೆವು. ಬ್ರೇಕು ತಿರುವಿನ ಮೊದಲೇ, ನೇರ ರಸ್ತೆಯಲ್ಲಿ. ತಿರುವಿನ ಒಳಗೆ ಕಾಲು ಥಟ್ಟನೆ ಎತ್ತುವುದಿಲ್ಲ, ಥಟ್ಟನೆ ಒತ್ತುವುದೂ ಇಲ್ಲ. ಎಕ್ಸಲರೇಟರ್ ಮೇಲೆ ಮೊಟ್ಟೆ ಇಟ್ಟಂತೆ ಸ್ವಲ್ಪ ಹಿಡಿದಿರುವುದು. ಬಾಲ ಹೊರಟರೆ ಸ್ಟೇರಿಂಗನ್ನು ಬಾಲ ಹೋದ ಕಡೆಗೆ ತಿರುವುವುದು, ಹಿಡಿತ ಮರಳುವ ಮೊದಲೇ ವಾಪಸು ತರುವುದು. ದೃಷ್ಟಿ ಗೋಡೆಯ ಮೇಲಲ್ಲ, ಹೋಗಬೇಕಾದ ದಾರಿಯ ಮೇಲೆ.

ನಲವತ್ತು ಸುತ್ತು ಆದ ಮೇಲೆ ಒಂದು ಪೂರ್ತಿ ಸುತ್ತು ಗಿರಕಿ ಇಲ್ಲದೆ ಬಂತು. ‘ಅಣ್ಣಾ, ಹಳೂ ಹೋದೆ ಅನಿಸ್ತು, ಟೈಮ್ ನೋಡಿದ್ರ ಎಲ್ಲಾಕ್ಕಿಂತ ಫಾಸ್ಟ್ ಐತಿ’ ಅಂದ. ಅವನ ತಾಯಿ ಚಹಾ ತಂದಿಟ್ಟು, ‘ಇಷ್ಟ ಹೊತ್ತು ಪುಸ್ತಕ ಹಿಡದಿದ್ರ ಡಿಗ್ರಿ ಆಗ್ತಿತ್ತು’ ಅಂದರು.

ಕೊನೆಗೆ ರಸ್ತೆ

ಇಲ್ಲಿ ಎರಡು ಮಾತು ಎಚ್ಚರಿಕೆಯಿಂದ ಹೇಳಬೇಕು.

ಒಂದು, ಎಲ್ಲ ಆಟವೂ ಕಲಿಸುವುದಿಲ್ಲ. ಮೊಬೈಲಿನಲ್ಲಿ ನಮ್ಮ ಹುಡುಗರು ಆಡುವ ‘ಆಸ್ಫಾಲ್ಟ್’ನಂಥ ಆಟಗಳಲ್ಲಿ ಬ್ರೇಕ್ ತಟ್ಟಿದರೆ ಕಾರು ಚೆಂದಾಗಿ ಅಡ್ಡ ಜಾರುತ್ತದೆ, ಜಾರಿದ್ದಕ್ಕೆ ಬಹುಮಾನವೂ ಸಿಗುತ್ತದೆ. ರಸ್ತೆಯ ಮೇಲೆ ಅದಕ್ಕೆ ಸಿಗುವುದು ನಾನು ಬರೆಯುವ ಆ ಒಂದು ಸಾಲು.

ಎರಡು, ಒಳ್ಳೆಯ ಸಿಮ್ಯುಲೇಶನ್ ಕಲಿಸುವುದೂ ಅರ್ಧ ಮಾತ್ರ. ಗಿರಕಿ ಹೇಗೆ ಶುರುವಾಗುತ್ತದೆ ಅನ್ನುವುದನ್ನು ಅದು ತೋರಿಸುತ್ತದೆ. ಭಯವನ್ನು ಕಲಿಸುವುದಿಲ್ಲ, ಯಾಕೆಂದರೆ ಅಲ್ಲಿ ಮತ್ತೆ ಶುರು ಮಾಡುವ ಗುಂಡಿ ಇದೆ. ಸ್ಟೇರಿಂಗ್ ಎದುರು ತಿರುವಿ ಬಾಲ ಹಿಡಿಯಲಿಕ್ಕೆ ರೇಸ್ ಟ್ರ್ಯಾಕಿನಲ್ಲಿ ಜಾಗ ಇರುತ್ತದೆ. ನಮ್ಮ ರಸ್ತೆಯಲ್ಲಿ ಒಂದು ಕಡೆ ಬಾವಿ, ಇನ್ನೊಂದು ಕಡೆ ಕಬ್ಬಿನ ಟ್ರ್ಯಾಕ್ಟರ್.

ಟ್ರ್ಯಾಕ್ಟರ್ ಅಂದೆ. ಎರಡು ಟ್ರೇಲರ್ ತುಂಬ ಕಬ್ಬು ಹೇರಿ ಇಳಿಜಾರಿನಲ್ಲಿ ಬ್ರೇಕ್ ಹಾಕಿದವರಿಗೆ ಈ ಲೇಖನದ ಅರ್ಧ ಆಗಲೇ ಗೊತ್ತು. ಹಿಂದಿನ ಭಾರ ಮುಂದೆ ತಳ್ಳುತ್ತದೆ, ಟ್ರೇಲರ್ ಅಡ್ಡ ಬರುತ್ತದೆ. ಅವರು ಇಳಿಜಾರಿನ ಮೊದಲೇ ಗೇರ್ ಇಳಿಸಿ ನಿಧಾನ ಮಾಡಿಕೊಳ್ಳುತ್ತಾರೆ. ಫೆರಾರಿಗೂ ಅದೇ ಪಾಠ, ಸೀಟಿನ ಕೆಳಗೆ ಇಂಜಿನ್ ಇರುವ ವ್ಯಾನಿಗೂ ಅದೇ. ಮೊದಲ ಮಳೆಗೆ ಡಾಂಬರಿನ ಮೇಲೆ ಕೆಸರು ಎಣ್ಣೆಯಂತೆ ಹರಡುತ್ತದೆ. ಖಾಲಿ ವ್ಯಾನಿನ ಹಿಂಭಾಗ ಹಗುರ, ತಳ್ಳುವುದು ಹಿಂದಿನ ಗಾಲಿ. ಮಕ್ಕಳನ್ನು ಇಳಿಸಿ ವಾಪಸು ಬರುವಾಗ ತಿರುವಿನಲ್ಲಿ ಹೆದರಿ ಕಾಲು ಎತ್ತಿದರೆ, ಬ್ರೇಕ್ ತುಳಿದರೆ, ಅಸೆಟ್ಟೊ ಕೊರ್ಸಾದ ಮೂರನೇ ತಿರುವು ಅಲ್ಲೇ ಬರುತ್ತದೆ. ಹಳೆಯ ಓಮ್ನಿಗಳ ತಯಾರಿಕೆ ಹೊಸ ಸುರಕ್ಷತಾ ನಿಯಮ ಬಂದ 2019ರಲ್ಲಿ ನಿಂತಿದೆ. ಓಡುತ್ತಿರುವವು ಇನ್ನೂ ಬೇಕಾದಷ್ಟಿವೆ. ಗಾಡಿ ಜಾರಿದಾಗ ತಾನೇ ಹಿಡಿಯುವ ಎಲೆಕ್ಟ್ರಾನಿಕ್ ವ್ಯವಸ್ಥೆ ಅವುಗಳಲ್ಲಿ ಇಲ್ಲ.

ಟೈರು ಸವೆದಿದ್ದರೆ ಸೇರು ಇನ್ನೂ ಸಣ್ಣದು. ಇದನ್ನು ವ್ಯಾನಿನ ಮಾಲೀಕರಿಗೂ ಹೇಳಬೇಕು. ಮುಂದೆ ಹೊಸ ಟೈರು ಹಾಕಿ ಹಿಂದೆ ಬೋಳು ಟೈರು ಉಳಿಸುವವರು ನಮ್ಮಲ್ಲಿ ಬಹಳ ಜನ. ಬಾಲ ಬೀಸಲಿಕ್ಕೆ ಅದಕ್ಕಿಂತ ಸುಲಭದ ದಾರಿ ಇಲ್ಲ. ಒಳ್ಳೆಯ ಟೈರು ಹಿಂದೆ ಇರಬೇಕು.

ಹುಡುಗನ ಪ್ರಶ್ನೆಗೆ ಈಗ ನನ್ನ ಹತ್ತಿರ ಉತ್ತರ ಇದೆ. ‘ನಿಯಂತ್ರಣ ತಪ್ಪಿತು’ ಅಂದರೆ ಬಹಳ ಸಲ ಹಿಂದಿನ ಎರಡು ಟೈರಿನ ಹಿಡಿತ ಮುಗಿಯಿತು ಅಂತ ಅರ್ಥ. ಅದು ಮುಗಿಯುವುದು ತಿರುವಿನ ನಡುವೆ. ಆದರೆ ಅದನ್ನು ಉಳಿಸಿಕೊಳ್ಳಬಹುದಾದ ಜಾಗ ತಿರುವಿಗೆ ಐವತ್ತು ಅಡಿ ಮೊದಲು.

ಅಪಘಾತದ ಸುದ್ದಿ ಬರೆಯುವಾಗ ನಾನು ಈಗ ಮೂರು ಪ್ರಶ್ನೆ ಹೆಚ್ಚು ಕೇಳುತ್ತೇನೆ. ರಸ್ತೆ ಹಸಿ ಇತ್ತೇ? ಗಾಡಿ ಖಾಲಿ ಇತ್ತೇ, ತುಂಬಿತ್ತೇ? ಹಿಂದಿನ ಟೈರು ಹೇಗಿದ್ದವು? ಠಾಣೆಯವರು ಮುಖ ನೋಡುತ್ತಾರೆ. ಡೆಸ್ಕಿನವರು ಆ ಸಾಲು ತೆಗೆದು ಹಳೆಯ ಸಾಲನ್ನೇ ಹಾಕುತ್ತಾರೆ. ಇರಲಿ, ಇಲ್ಲಿಯಾದರೂ ಬರೆಯಬಹುದಲ್ಲ.

ಮೊನ್ನೆ ಹುಡುಗ ಸಿಕ್ಕಿದ್ದ. ಮಾಲೀಕನ ಜೊತೆ ವ್ಯಾನಿನಲ್ಲಿ ರೂಟ್ ನೋಡಿಕೊಂಡು ಬಂದಿದ್ದನಂತೆ. ‘ಹೆಂಗಾತೋ ತಮ್ಮಾ?’ ಅಂದೆ.

‘ಹಿಂದಿನ ಟೈರ್ ಬೋಳ್ ಅದಾವ ಅಣ್ಣಾ. ಬದಲಿ ಮಾಡಿದ್ರನ ಹೊಡೀತೇನಿ ಅಂತ ಹೇಳಿ ಬಂದೇನಿ.’